ಮೊದಲು ಶಿಕ್ಷಕರನ್ನು ಸಿದ್ಧಗೊಳಿಸಿರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಪ್ರೌಢಶಾಲೆಗಳಿಂದ ಪ್ರತಿವರ್ಷವೂ ಸಾವಿರಾರು ಬಾಲಕ ಬಾಲಕಿಯರು ಹತ್ತನೆಯ ತರಗತಿಯ ಹೊಸ್ತಿಲನ್ನು ದಾಟಿ ಹೊರಗೆ ಬರುತ್ತಾರೆ. ಮುಂದೆ ಯಾವ ದಾರಿಯನ್ನು ಹಿಡಿಯಬೇಕೆಂಬ ಪ್ರಶ್ನೆಯು ಆಗ ಅವರೆದುರಿಗೆ ನಿಲ್ಲುತ್ತದೆ. ಫಲಿತಾಂಶವು ಪ್ರಕಟವಾದ ಕೆಲವೇ ದಿವಸಗಳಲ್ಲಿ, ನೆರೆಯವರ ಮಾತು, ಬೀಗರ ಸಲಹೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಜಾಹೀರಾತು ಇವುಗಳನ್ನೇ ನಂಬಿ ಒಂದು ಜೀವನದ ಗತಿಯು ತೀರ್ಮಾನವಾಗಿಬಿಡುತ್ತದೆ. ಎತ್ತನ್ನು ಕೊಳ್ಳುವಾಗ ಹಲ್ಲು ಹಿಡಿದು ನೋಡಿ, ಗಳೆ ಹೂಡಿ ನೋಡಿ ಹಣವನ್ನೆಣಿಸುವ ನಮ್ಮ ರೈತನು ಮಗನ ವಿದ್ಯೆಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಸಾಲವೆತ್ತುತ್ತಾನೆ. ಇದು ಅವನ ಅವಿವೇಕವಲ್ಲ. ತಿಳಿಸಿ ಹೇಳತಕ್ಕವರು ಅವನ ಬಳಿಯಲ್ಲಿ ಇಲ್ಲ.

ಆದುದರಿಂದ ಪ್ರೌಢಶಾಲೆಯಲ್ಲಿಯೇ ವಿದ್ಯಾರ್ಥಿಗಳಿಗೆ ವೃತ್ತಿ ಯೋಜನೆಯ ಪಾಠವನ್ನು ಕಲಿಸಬೇಕೆಂಬ ವಿಚಾರವನ್ನು ನಾವು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇವೆ. ಆದರೆ ಪುಸ್ತಕವನ್ನು ಅಚ್ಚು ಹಾಕಿಸುವುದು ಸುಲಭ, ವೇಳಾಪತ್ರಿಕೆಯಲ್ಲಿ ಒಂದು ತಾಸನ್ನು ಬರೆಯುವುದು ಅದಕ್ಕಿಂತಲೂ ಸುಲಭ. ಆ ಪಾಠವನ್ನು ಹೇಳಬೇಕಾದ ಶಿಕ್ಷಕನನ್ನು ಸಿದ್ಧಗೊಳಿಸುವುದೊಂದೇ ಕಷ್ಟದ ಕೆಲಸ. ಕಷ್ಟವಾದುದರಿಂದಲೇ ಅದು ಯಾವಾಗಲೂ ಹಿಂದೆ ಬೀಳುತ್ತ ಬಂದಿದೆ. ಶಿಕ್ಷಕರು ಸಿದ್ಧರಾಗುವ ಮೊದಲೇ ಪಾಠವನ್ನು ಆರಂಭಿಸುವುದೆಂದರೆ ಮದ್ದು ತಿಳಿಯದವನ ಕೈಗೆ ಔಷಧದ ಪೆಟ್ಟಿಗೆಯನ್ನು ಕೊಟ್ಟಂತೆ.

ಈ ವಿಚಾರವು ಹೊಸದಲ್ಲ. ನಮ್ಮ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1941ರಲ್ಲಿ, ಮುಂಬಯಿಯಲ್ಲಿ ಬಾಟ್ಲಿಬಾಯ್ ಅವರ ಹೆಸರಿನ ವೃತ್ತಿ ಮಾರ್ಗದರ್ಶನ ಕಚೇರಿಯು ಹುಟ್ಟಿತು. 1950ರಲ್ಲಿ ಮುಂಬಯಿ ಸರಕಾರವೇ ಅಂತಹ ಕಚೇರಿಯನ್ನು ತೆರೆಯಿತು. 1952-53ರ ಮುದಲಿಯಾರ್ ಆಯೋಗವು ಪ್ರೌಢಶಾಲೆಗಳಿಗೆ ತರಬೇತಿ ಪಡೆದ ಮಾರ್ಗದರ್ಶಕರೂ ವೃತ್ತಿಶಿಕ್ಷಕರೂ ದೊರೆಯಬೇಕೆಂದು ಸಾರಿತು. 1964-66ರ ಕೊಠಾರಿ ಆಯೋಗವು ಇನ್ನೂ ಸ್ಪಷ್ಟವಾಗಿ, ಪ್ರತಿ 10 ಪ್ರೌಢಶಾಲೆಗಳ ಗುಂಪಿಗೆ ಒಬ್ಬ ಸಂಚಾರಿ ಸಮಾಲೋಚಕನಾದರೂ ಇರಲೇಬೇಕೆಂದು ಹೇಳಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಕನ್ನಡ ನಾಡಿನಲ್ಲಿ ಒಂದಾಯಿತು. ಅಂದಿನಿಂದ ಎರಡು ತಲೆಮಾರುಗಳೇ ಕಳೆದುಹೋದುವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2025ರ ವೇಳೆಗೆ ಕನಿಷ್ಠ ಶೇಕಡಾ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು ವಿಧಿಸಿತು. ಆ ಗಡುವೂ ದಾಟಿಹೋಯಿತು. ನಮ್ಮ ರಾಜ್ಯವು ತನ್ನದೇ ನೀತಿಯನ್ನು ರೂಪಿಸಲು 2023ರಲ್ಲಿ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. 2025ರಲ್ಲಿ ಆ ಆಯೋಗದ ವರದಿಯೂ ಸರಕಾರದ ಕೈ ಸೇರಿತು. ನೀತಿಯು ದೆಹಲಿಯದಾಗಲಿ ಬೆಂಗಳೂರಿನದಾಗಲಿ, ಕಾಗವಾಡದ ಶಾಲೆಯೊಂದರ ಶಿಕ್ಷಕನು ಅದನ್ನು ಬಾಯಿಂದ ನುಡಿದಾಗಲೇ ಅದಕ್ಕೆ ಜೀವವು ಬರುವುದು.

ಆ ಶಿಕ್ಷಕನ ಸ್ಥಿತಿಯನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಲಿ. ಅವನು ಶಾಲೆಯಿಂದ ಕಾಲೇಜಿಗೆ ಹೋದನು, ಕಾಲೇಜಿನಿಂದ ಬಿ.ಎಡ್. ತರಗತಿಗೆ ಹೋದನು, ಅಲ್ಲಿಂದ ಮರಳಿ ಶಾಲೆಗೇ ಬಂದನು. ಶಿಕ್ಷಕವೃತ್ತಿಯೊಂದನ್ನುಳಿದು ಬೇರೆ ಯಾವ ಉದ್ಯೋಗದ ಒಳಹೊರಗನ್ನೂ ನೋಡುವ ಅವಕಾಶವು ಅವನಿಗೆ ಒದಗಲಿಲ್ಲ. ಗಣಿತವನ್ನೋ ಸಮಾಜ ವಿಜ್ಞಾನವನ್ನೋ ಚೆನ್ನಾಗಿ ಕಲಿಸಬಲ್ಲವನಿಗೆ ಬಾಯ್ಲರ್ ನಡೆಸುವವನ ಪರವಾನಗಿಯ ವಿಷಯವಾಗಲಿ, ದಾದಿಯ ಶಿಕ್ಷಣದ ವೆಚ್ಚವಾಗಲಿ ಹೇಗೆ ತಿಳಿದೀತು? ಇಂತಹವನನ್ನು ಒಂದು ದಿವಸದ ಶಿಬಿರಕ್ಕೆ ಕರೆಯಿಸಿ, ಮಧ್ಯಾಹ್ನದ ಊಟವನ್ನು ಹಾಕಿಸಿ, ಕೈಗೊಂದು ಕೈಪಿಡಿಯನ್ನು ಕೊಟ್ಟು ಕಳುಹಿಸಿದರೆ, ಅವನು ಮರುದಿನ ತರಗತಿಯಲ್ಲಿ ಮಾಡಬಹುದಾದುದೇನು? ಕೈಪಿಡಿಯನ್ನು ಓದಿ ಹೇಳುವನು. ಚೆನ್ನಾಗಿ ಓದಿದರೆ ದೊಡ್ಡ ಅಧಿಕಾರಿಗಳಾಗುವಿರೆಂದು ಹರಸುವನು. ಮಕ್ಕಳು ಕೇಳಿ, ಮರೆತು, ಹೊರಟುಹೋಗುವರು.

ಶಿಕ್ಷಕನು ತಿಳಿದಿರಬೇಕಾದುದೇನೆಂಬುದನ್ನು ಒಂದೆರಡು ಉದಾಹರಣೆಗಳಿಂದ ಹೇಳುತ್ತೇವೆ. ಹತ್ತನೆಯ ತರಗತಿಯ ನಂತರ ಪಿ.ಯು.ಸಿ.ಯೊಂದೇ ದಾರಿಯೆಂದು ಬಹು ಜನ ತಂದೆತಾಯಿಗಳು ತಿಳಿದಿದ್ದಾರೆ. ಎಸ್.ಎಸ್.ಎಲ್.ಸಿ.ಯಿಂದಲೇ ಪಾಲಿಟೆಕ್ನಿಕ್ಕನ್ನು ಸೇರಿ 3 ವರ್ಷಗಳಲ್ಲಿ ಡಿಪ್ಲೊಮಾ ಪಡೆಯಬಹುದು, ಡಿಪ್ಲೊಮಾ ಪಡೆದವನು ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು, ಐ.ಟಿ.ಐ.ಯಲ್ಲಿ 2 ವರ್ಷ ಕಲಿತವನಿಗೂ ಡಿಪ್ಲೊಮಾದ ಎರಡನೆಯ ವರ್ಷದ ಬಾಗಿಲು ತೆರೆದಿದೆ. ಕೆಳಗಿನ ಮೆಟ್ಟಿಲಿನಿಂದ ಮೇಲಿನದಕ್ಕೆ ಏರುವ ಏಣಿಯೊಂದು ಹೀಗೆ ಇರುವುದನ್ನು ಬಲ್ಲ ಬಡವನ ಮಗನು ಐ.ಟಿ.ಐ. ಸೇರುವುದನ್ನು ಅವಮಾನವೆಂದು ತಿಳಿಯಲಾರನು. ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶವಿದೆ. ಈ ಮಾತನ್ನು ಸಕಾಲದಲ್ಲಿ ಮನೆಗೆ ಹೋಗಿ ಹೇಳುವವರಿದ್ದರೆ ಎಷ್ಟೋ ಬಾಲಕಿಯರ ವಿದ್ಯೆಯು ಆ ಬೇಸಿಗೆಯಲ್ಲಿಯೇ ಮುಗಿದುಹೋಗುವುದು ತಪ್ಪೀತು.

ಇನ್ನೊಂದು ವಿಷಯವಿದೆ. ಸಿ.ಇ.ಟಿ. ಮೂಲಕ ನಡೆಯುವ ಪ್ರವೇಶಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳು ಮೀಸಲಾಗಿವೆ. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ 10 ವರ್ಷ ಹಳ್ಳಿಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ, ಓದಿದವರಿಗೇ ಆ ಲಾಭವು ಸಲ್ಲುತ್ತದೆ. ರಾಯಬಾಗ ತಾಲೂಕಿನ ಹಳ್ಳಿಯೊಂದರ ತಂದೆಯು ಮಗಳಿಗೆ ಒಳ್ಳೆಯದಾಗಲೆಂದು ಎಂಟನೆಯ ತರಗತಿಗೆ ಆಕೆಯನ್ನು ಪಟ್ಟಣದ ಶಾಲೆಗೆ ಸೇರಿಸಿದರೆ, ಗ್ರಾಮೀಣ ಮೀಸಲಾತಿಯ ಹಕ್ಕನ್ನು ತನಗರಿವಿಲ್ಲದೆಯೇ ಕಳೆದಂತಾಗುತ್ತದೆ. ಸೇರಿಸಬಾರದೆಂದು ನಾವು ಹೇಳುವುದಿಲ್ಲ. ತಿಳಿದು ಸೇರಿಸಲಿ ಎನ್ನುತ್ತೇವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371ಜೆ ವಿಧಿಯ ಮೀಸಲಾತಿಯು ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲವೆಂಬುದೂ, ಗಡಿನಾಡ ಕನ್ನಡಿಗರ ಮೀಸಲಾತಿಯು ಗಡಿಯ ಆಚೆಗಿರುವ ಕನ್ನಡಿಗರಿಗೆ ಮೀಸಲಾದುದೆಂಬುದೂ ಸ್ಪಷ್ಟವಾಗಿ ತಿಳಿದಿರಬೇಕು. ಇವೆಲ್ಲವೂ ಆರನೆಯ ಏಳನೆಯ ತರಗತಿಯಲ್ಲಿ ಹೇಳಬೇಕಾದ ಮಾತುಗಳು. ಹತ್ತನೆಯ ತರಗತಿಯ ಕೊನೆಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಶಿಕ್ಷಕನು ನಿಯಮಗಳನ್ನು ಬಲ್ಲನಾದರೆ ಸಾಲದು. ತನ್ನ ಸೀಮೆಯ ಉದ್ಯೋಗಗಳನ್ನೂ ಅವನು ಕಣ್ಣಾರೆ ಕಂಡಿರಬೇಕು. ಕೃಷ್ಣಾ, ದೂಧಗಂಗಾ ನದಿಗಳ ನೀರಿನಿಂದ ಈ ತಾಲೂಕುಗಳು ಕಬ್ಬಿನ ನಾಡಾಗಿವೆ. 1939ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆಯಿಂದ ಮೊದಲುಗೊಂಡು ಹಲವು ಸಕ್ಕರೆ ಕಾರಖಾನೆಗಳು ಇಲ್ಲಿವೆ. ಕಬ್ಬು ಬೆಳೆಯುವವನ ಮಗನಿಗೆ ಕಾರಖಾನೆಯೆಂದರೆ ಬಿಲ್ಲು ಕೊಡುವ ಕಟ್ಟಡ ಮಾತ್ರ. ಅದರೊಳಗೆ ರಸಾಯನಜ್ಞನಿದ್ದಾನೆ, ಬಾಯ್ಲರ್ ಚಾಲಕನಿದ್ದಾನೆ, ಫಿಟ್ಟರನಿದ್ದಾನೆ, ವಿದ್ಯುತ್ತನ್ನು ಉತ್ಪಾದಿಸುವ ಎಂಜಿನಿಯರನಿದ್ದಾನೆ, ಲೆಕ್ಕಿಗನಿದ್ದಾನೆ; ಬೆಳಗಾವಿಯಲ್ಲಿಯೇ ಎಸ್. ನಿಜಲಿಂಗಪ್ಪನವರ ಹೆಸರಿನ ಸಕ್ಕರೆ ಸಂಸ್ಥೆಯೊಂದು ಈ ವಿದ್ಯೆಯನ್ನು ಕಲಿಸುತ್ತಿದೆ. ಇದನ್ನೆಲ್ಲ ತೋರಿಸುವವರಾರು? ನಿಪ್ಪಾಣಿಯ ತಂಬಾಕಿನ ವ್ಯಾಪಾರವೂ ಬೀಡಿಯ ಕೆಲಸವೂ ಬಹು ಮನೆಗಳಿಗೆ ಅನ್ನವನ್ನು ಕೊಟ್ಟಿವೆ. ಆದರೆ ತಂಬಾಕಿನ ಬಳಕೆಯನ್ನೇ ಕಡಿಮೆ ಮಾಡಬೇಕೆಂದು ಲೋಕವೆಲ್ಲ ಹೊರಟಿರುವಾಗ, ಆ ಮನೆಗಳ ಮಕ್ಕಳಿಗೆ ಬೇರೊಂದು ದಾರಿಯನ್ನು ಈಗಲೇ ತೋರಿಸಬೇಕಾದುದು ಅವಶ್ಯ. ಅಥಣಿಯ ಕುಶಲಿಗಳು ಹೊಲಿಯುವ ಚರ್ಮದ ಚಪ್ಪಲಿಯು ಕೊಲ್ಹಾಪುರದ ಹೆಸರಿನಿಂದ ಪ್ರಸಿದ್ಧವಾಗಿದೆ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನ ಹಕ್ಕಿನಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಡನೆ ಬೆಳಗಾವಿ ಜಿಲ್ಲೆಗೂ ಪಾಲಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇಂತಹುದೇ ಚಪ್ಪಲಿಗಳನ್ನು ಮೆರೆಯಿಸಿ, ಆಕ್ಷೇಪಣೆಗಳು ಬಂದ ಮೇಲೆ ಅದರ ಮೂಲವು ಭಾರತದ್ದೆಂದು ಒಪ್ಪಿಕೊಂಡಿತು. ನಮ್ಮವರ ಕೈಗೆಲಸದ ಬೆಲೆಯನ್ನು ಮಿಲಾನ್ ನಗರವು ಅರಿತಿದ್ದು ಅಥಣಿಯ ತರಗತಿಯು ಅರಿಯದಿದ್ದರೆ ಅದಕ್ಕಿಂತ ನಾಚಿಕೆಗೇಡು ಬೇರೇನಿದೆ?

ಇಲ್ಲಿಯೇ ಒಂದು ಅಪಾಯದ ಕಡೆಗೆ ನಾವು ಅಧಿಕಾರಿಗಳ ಗಮನವನ್ನು ಸೆಳೆಯಬಯಸುತ್ತೇವೆ. ಸಿದ್ಧತೆಯಿಲ್ಲದ ಶಿಕ್ಷಕನು ಮಾರ್ಗದರ್ಶನದ ಹೆಸರಿನಲ್ಲಿ ಹಳೆಯ ಕಟ್ಟುಗಳನ್ನೇ ಬಿಗಿಗೊಳಿಸಬಹುದು. ಚರ್ಮದ ಕೆಲಸದವನ ಮಗನಿಗೆ ಚರ್ಮದ ಕೆಲಸವೇ ತಕ್ಕುದೆಂದೂ, ಕೂಲಿಯ ಮಗನಿಗೆ ಐ.ಟಿ.ಐ. ಸಾಕೆಂದೂ, ಹೆಣ್ಣುಮಗಳಿಗೆ ಹೊಲಿಗೆಯೇ ಲೇಸೆಂದೂ ಸದ್ಭಾವನೆಯಿಂದಲೇ ಹೇಳಿಬಿಡಬಹುದು. ಅಂತಹ ಮಾರ್ಗದರ್ಶನವು ಇಲ್ಲದಿರುವುದೇ ಮೇಲು. ಕುಲದ ಕಸುಬನ್ನು ಗೌರವಿಸುವುದು ಬೇರೆ, ಮಗುವನ್ನು ಅದಕ್ಕೆ ಕಟ್ಟಿಹಾಕುವುದು ಬೇರೆ. ಶಿಕ್ಷಕನ ಕರ್ತವ್ಯವು ದಾರಿಗಳನ್ನೆಲ್ಲ ತೋರಿಸುವುದು, ಆಯ್ಕೆಯು ಮಗುವಿನದು. ಈ ವಿವೇಕವು ಕೈಪಿಡಿಯಿಂದ ಬರುವುದಿಲ್ಲ. ಅನುಭವಿಗಳೊಡನೆ ಕುಳಿತು, ನಿಜವಾದ ಸಂದರ್ಭಗಳನ್ನು ಚರ್ಚಿಸಿ, ತನ್ನ ಮನಸ್ಸಿನ ಪೂರ್ವಾಗ್ರಹಗಳನ್ನು ತಾನೇ ಪರೀಕ್ಷಿಸಿಕೊಂಡವನಿಗೆ ಮಾತ್ರ ಅದು ಬರುತ್ತದೆ.

ಗಡಿಯ ಸೀಮೆಯಾದುದರಿಂದ ಇಲ್ಲಿಯ ಶಿಕ್ಷಕನ ಹೊಣೆಯು ಇನ್ನಷ್ಟು ದೊಡ್ಡದು. ನಿಪ್ಪಾಣಿಯ ಮಗ್ಗುಲಲ್ಲಿಯೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ನೆಲದಲ್ಲಿದೆ. ಮಿರಜ, ಸಾಂಗಲಿ, ಇಚಲಕರಂಜಿ, ಕೊಲ್ಹಾಪುರಗಳು ನಮ್ಮ ಅನೇಕ ಹಳ್ಳಿಗಳಿಗೆ ಬೆಳಗಾವಿಗಿಂತಲೂ ಹತ್ತಿರ. ಎರಡು ರಾಜ್ಯಗಳ ಪ್ರವೇಶ ನಿಯಮಗಳೂ ಶುಲ್ಕದ ರಿಯಾಯಿತಿಗಳೂ ಬೇರೆ ಬೇರೆ. ಗಡಿ ದಾಟಿ ಓದುವುದರಿಂದ ದೊರೆಯುವುದೇನು, ಕಳೆಯುವುದೇನು ಎಂಬುದನ್ನು ಶಿಕ್ಷಕನು ಹೇಳಬಲ್ಲವನಾಗಿರಬೇಕು. ಈ ಪಾಠವು ಕನ್ನಡದಲ್ಲಿ ಅಚ್ಚುಕಟ್ಟಾಗಿ ಸಿದ್ಧವಾಗಲಿ. ಮರಾಠಿ ಶಾಲೆಗಳ ಮಕ್ಕಳಿಗೆ ಅವರ ಭಾಷೆಯಲ್ಲಿಯೂ ದೊರೆಯಲಿ. ಅವರೂ ಈ ನಾಡಿನ ಮಕ್ಕಳೇ. ಈ ನಾಡಿನಲ್ಲಿ ತಮಗೆ ಬಾಳುವೆಯುಂಟೆಂಬ ಭರವಸೆಯನ್ನು ಕೊಡುವ ಸರಕಾರವೇ ಅವರ ವಿಶ್ವಾಸವನ್ನು ಗಳಿಸುವುದು.

ಹಾಗಾದರೆ ಮಾಡಬೇಕಾದುದೇನು? ಪ್ರತಿ ಪ್ರೌಢಶಾಲೆಯಿಂದಲೂ ಈ ಕೆಲಸದಲ್ಲಿ ಅಭಿರುಚಿಯುಳ್ಳ ಒಬ್ಬ ಶಿಕ್ಷಕನನ್ನೋ ಶಿಕ್ಷಕಿಯನ್ನೋ ಆರಿಸಬೇಕು. ಸೇವಾಹಿರಿಮೆಯೊಂದನ್ನೇ ನೋಡಿ ಹೆಸರನ್ನು ಬರೆದು ಕಳುಹಿಸಬಾರದು. ತರಬೇತಿಯು ಒಂದೇ ಸಲಕ್ಕೆ ಮುಗಿಯದೆ ವರ್ಷದುದ್ದಕ್ಕೂ ಹಂಚಿಕೆಯಾಗಿರಬೇಕು. ಬೇಸಿಗೆಯಲ್ಲಿ ಕೆಲವು ದಿವಸ ಕಲಿತು, ಶಾಲೆಯಲ್ಲಿ ಪಾಠವನ್ನು ನಡೆಸಿ ನೋಡಿ, ದಸರೆಯ ಹೊತ್ತಿಗೆ ಮತ್ತೆ ಕೂಡಿ ತಮ್ಮ ತೊಡಕುಗಳನ್ನು ಮುಂದಿಡುವಂತಿರಬೇಕು. ಆ ದಿವಸಗಳಲ್ಲಿ ಕೆಲವನ್ನಾದರೂ ಕಾರಖಾನೆ, ಐ.ಟಿ.ಐ., ಪಾಲಿಟೆಕ್ನಿಕ್, ಆಸ್ಪತ್ರೆ, ಬ್ಯಾಂಕು, ಚಪ್ಪಲಿ ಹೊಲಿಯುವ ಮನೆ ಇವುಗಳಲ್ಲಿ ಕಳೆಯಬೇಕು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಶಿಕ್ಷಣವನ್ನು ನಡೆಸಿಕೊಂಡು ಬಂದಿದೆ. ತಾಲೂಕಿಗೆ ಇಬ್ಬರಂತೆ ಶಿಕ್ಷಕರನ್ನು ವೇತನಸಹಿತ ಅಲ್ಲಿಗೆ ಕಳುಹಿಸಿದರೆ, ಅವರೇ ಮರಳಿ ಬಂದು ಉಳಿದವರಿಗೆ ಗುರುಗಳಾಗುವರು. ಕೊಠಾರಿ ಆಯೋಗವು ಹೇಳಿದ 10 ಶಾಲೆಗಳಿಗೊಬ್ಬ ಸಂಚಾರಿ ಸಮಾಲೋಚಕನು ಇವರಿಂದಲೇ ಹುಟ್ಟಬೇಕು. ಪ್ರವೇಶದ ನಿಯಮಗಳು ಆಗಾಗ ಬದಲಾಗುವುದರಿಂದ, ಅವುಗಳ ತಿದ್ದಿದ ಪ್ರತಿಯನ್ನು ಪ್ರತಿವರ್ಷವೂ ಜೂನಿನೊಳಗೆ ಶಾಲೆಗಳಿಗೆ ಮುಟ್ಟಿಸುವ ಹೊಣೆಯನ್ನು ಉಪನಿರ್ದೇಶಕರ ಕಚೇರಿಯು ಹೊರಬೇಕು. ಪಾಠವು ಮಕ್ಕಳೊಡನೆ ಮುಗಿಯದೆ, ವರ್ಷಕ್ಕೆ ಎರಡು ಬಾರಿಯಾದರೂ ತಂದೆತಾಯಿಗಳನ್ನು ಕರೆದು ಕುಳ್ಳಿರಿಸಿ ನಡೆಯಬೇಕು. ಮನೆಯಲ್ಲಿ ನಿರ್ಣಯವನ್ನು ಮಾಡುವವರು ಅವರೇ.

ಶಿಕ್ಷಕರ ಮೇಲೆ ಈಗಾಗಲೇ ಹೊರಲಾರದಷ್ಟು ಹೊರೆಯಿದೆಯೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯು ನ್ಯಾಯವಾದುದೇ. ಜನಗಣತಿ, ಚುನಾವಣೆ, ಬಿಸಿಯೂಟ, ಬಗೆಬಗೆಯ ಅಂಕಿಅಂಶಗಳ ಭರ್ತಿ ಇವುಗಳ ನಡುವೆ ಪಾಠಕ್ಕೇ ವೇಳೆ ಸಾಲದೆಂದು ಶಿಕ್ಷಕರು ಹೇಳುವುದು ಸುಳ್ಳಲ್ಲ. ಆದುದರಿಂದಲೇ, ಈ ಕೆಲಸವನ್ನು ವಹಿಸಿಕೊಂಡವರಿಗೆ ಬೇರೆ ಕೆಲಸಗಳಿಂದ ಅಷ್ಟು ಬಿಡುವನ್ನು ಲಿಖಿತ ಆಜ್ಞೆಯಿಂದಲೇ ಕೊಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಹೊರೆಯ ಮೇಲೆ ಹೊರೆಯನ್ನು ಹೇರಿ, ಕೊನೆಗೆ ಶಿಕ್ಷಕರೇ ಆಲಸಿಗಳೆಂದು ವರದಿ ಬರೆಯುವ ಪದ್ಧತಿಯು ಇನ್ನಾದರೂ ನಿಲ್ಲಲಿ. ವೆಚ್ಚದ ಮಾತನ್ನೆತ್ತುವವರಿಗೆ ನಮ್ಮದೊಂದೇ ಉತ್ತರ: ತಕ್ಕದಲ್ಲದ ಕಾಲೇಜಿಗೆ ಶುಲ್ಕ ತೆತ್ತು, ನಡುವೆ ಬಿಟ್ಟುಬಂದ ಮಕ್ಕಳಿಗಾಗಿ ನಮ್ಮ ಬಡ ಕುಟುಂಬಗಳು ಹೊತ್ತ ಸಾಲವೂ ನಾಡಿನ ವೆಚ್ಚವೇ, ಅದು ಸರಕಾರದ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ, ಅಷ್ಟೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ಕ್ಷೀಣಿಸಿದ್ದಾಗ, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಬಲ್ಲ ಶಿಕ್ಷಕರನ್ನು ತಯಾರು ಮಾಡುವುದರ ಮೂಲಕವೇ ಅವುಗಳನ್ನು ಎತ್ತಿ ನಿಲ್ಲಿಸಿದರು. ಶಾಲೆಗಿಂತ ಮೊದಲು ಶಿಕ್ಷಕನೆಂಬುದೇ ಅವರ ಕ್ರಮವಾಗಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿ, ನಾಡಿನಿಂದ ಸಪ್ತರ್ಷಿಗಳೆನ್ನಿಸಿಕೊಂಡ ಏಳು ಮಂದಿಯ ಬಂಡವಾಳವೂ ಧನವಲ್ಲ, ಅಧ್ಯಾಪನದ ನಿಷ್ಠೆ. ಅಂತಹ ಪರಂಪರೆಯುಳ್ಳ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಜನರು ದೊರೆಯರೆಂದು ನಾವು ನಂಬುವುದಿಲ್ಲ. ಬೇಕಾದುದು ಮೇಲಿನವರ ದೃಢ ಸಂಕಲ್ಪ. ಪಾಠಪುಸ್ತಕವು ಒಂದು ವರ್ಷ ತಡವಾದರೂ ಹಾನಿಯಿಲ್ಲ, ಶಿಕ್ಷಕರು ಸಿದ್ಧರಾಗಿರಲಿ. ಐದು ತಾಲೂಕುಗಳ ಶಾಸಕರೂ, ಶಾಲೆಗಳನ್ನು ನಡೆಸುವ ಸಂಸ್ಥೆಗಳೂ, ಶಿಕ್ಷಣಾಧಿಕಾರಿಗಳೂ ಒಟ್ಟುಗೂಡಿ ಬರುವ ಬೇಸಿಗೆಗೇ ಇದನ್ನು ಆರಂಭಿಸಬೇಕೆಂದು ನಾವು ಪ್ರಾರ್ಥಿಸುತ್ತೇವೆ.