‘ಕೋರ್ಟಿನಲ್ಲಿದೆ’ ಎಂಬ ಉತ್ತರ ಸಾಕು, ಗೆಜೆಟ್ ತೋರಿಸಿ

ಕೃಷ್ಣಾ ನೀರಿನ ಮಾತೆತ್ತಿದ ಕೂಡಲೇ ದೆಹಲಿಯವರಿಂದ ಬರುವುದು ಒಂದೇ ಉತ್ತರ: ವಿಷಯ ಸುಪ್ರೀಂ ಕೋರ್ಟಿನಲ್ಲಿದೆ. ನಿಯೋಗ ಹೋಗಿ ಮನವಿ ಕೊಟ್ಟರೂ ಅದೇ, ಟಿವಿಯಲ್ಲಿ ಪಕ್ಷದ ವಕ್ತಾರರನ್ನು ಕೇಳಿದರೂ ಅದೇ. ಈಚೆಗೆ ಇದಕ್ಕೊಂದು ಬಾಲವೂ ಸೇರಿಕೊಂಡಿದೆ. ರಾಜ್ಯದ ಹಕ್ಕು, ರಾಜ್ಯದ ಪಾಲು ಎಂದು ಮಾತಾಡುವವರು ದೇಶ ಒಡೆಯುವವರಂತೆ. ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರು ಯಾವ ದೇಶವನ್ನೂ ಒಡೆಯಲು ಹೊರಟಿಲ್ಲ. ಸಂಸತ್ತೇ ಮಾಡಿದ ಕಾನೂನಿನ ಅಡಿಯಲ್ಲಿ, ಕೇಂದ್ರ ಸರ್ಕಾರವೇ ರಚಿಸಿದ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಿ ಎನ್ನುತ್ತಿದ್ದಾರೆ. ಇದನ್ನು ದೇಶದ್ರೋಹ ಎನ್ನುವವರು ಸಂವಿಧಾನದ 262ನೇ ವಿಧಿಯನ್ನು ಒಮ್ಮೆಯಾದರೂ ಓದಿದ್ದಾರೆಯೇ?

ಅಂತರರಾಜ್ಯ ನದಿಗಳ ಜಗಳ ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯಬಾರದು ಎಂದೇ ಸಂವಿಧಾನ ಬರೆದವರು ಆ ವಿಧಿಯನ್ನು ಇಟ್ಟರು. ಸಂಸತ್ತು ಬಯಸಿದರೆ ಇಂಥ ವ್ಯಾಜ್ಯಗಳಿಂದ ಸುಪ್ರೀಂ ಕೋರ್ಟನ್ನೂ ದೂರ ಇಡಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಹುಟ್ಟಿದ್ದೇ ಅದಕ್ಕೆ. ಆ ಕಾಯ್ದೆಯ 6ನೇ ಕಲಂ ಪ್ರಕಾರ ನ್ಯಾಯಮಂಡಳಿಯ ತೀರ್ಪನ್ನು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸತಕ್ಕದ್ದು. ಪ್ರಕಟಿಸಿದ ದಿನದಿಂದ ಆ ತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬಲ ಬರುತ್ತದೆ. ಪ್ರಕಟಿಸದಿದ್ದರೆ ಅದು ಬರೀ ಕಾಗದ.

ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೇ ಕೃಷ್ಣಾ ನ್ಯಾಯಮಂಡಳಿ ರಚನೆಯಾದದ್ದು 2004ರ ಏಪ್ರಿಲ್‌ನಲ್ಲಿ. ತೀರ್ಪು ಬಂದದ್ದು 2010ರ ಡಿಸೆಂಬರ್ 30ರಂದು. ಸ್ಪಷ್ಟೀಕರಣದ ಅರ್ಜಿಗಳನ್ನೆಲ್ಲ ಕೇಳಿ ಅಂತಿಮ ವರದಿ ಕೊಟ್ಟದ್ದು 2013ರ ನವೆಂಬರ್ 29ರಂದು. ಕರ್ನಾಟಕಕ್ಕೆ 907, ಮಹಾರಾಷ್ಟ್ರಕ್ಕೆ 666, ಅವಿಭಜಿತ ಆಂಧ್ರಕ್ಕೆ 1,005 ಟಿಎಂಸಿ ಅಡಿ ನೀರು. ನಮ್ಮ ವಿಜಯಪುರ ಜಿಲ್ಲೆಯ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಬಹುದು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯನ್ನು 519.6ಕ್ಕೆ ನಿಲ್ಲಿಸಿ, ಅದಕ್ಕೂ ಮೇಲಿನ ಮಾತನ್ನು ಮುಂದಿನ ನ್ಯಾಯಮಂಡಳಿ ತೀರ್ಮಾನಿಸಲಿ ಎಂದಿತ್ತು. ಆ ಮುಂದಿನ ನ್ಯಾಯಮಂಡಳಿ ತೀರ್ಮಾನಿಸಿಯೂ ಆಯಿತು. ಮೊದಲ ತೀರ್ಪಿಗೆ ಹದಿನೈದು ವರ್ಷ ತುಂಬಿತು. ಗೆಜೆಟ್ ಎಲ್ಲಿದೆ?

ಗೆಜೆಟ್ ಇಲ್ಲ. ಯಾಕೆಂದರೆ ಆಂಧ್ರದ ಅರ್ಜಿಯ ಮೇಲೆ 2011ರ ಸೆಪ್ಟೆಂಬರ್ 16ರಂದು ಸುಪ್ರೀಂ ಕೋರ್ಟು, ಮುಂದಿನ ಆದೇಶದವರೆಗೆ ತೀರ್ಪು ಪ್ರಕಟಿಸಬೇಡಿ ಎಂದಿತು. ಆ ‘ಮುಂದಿನ ಆದೇಶ’ ಇನ್ನೂ ಬಂದಿಲ್ಲ. 2022ರ ಜನವರಿಯಲ್ಲಿ, ಒಬ್ಬರು ಮಹಾರಾಷ್ಟ್ರದವರು ಮತ್ತೊಬ್ಬರು ಕರ್ನಾಟಕದವರು ಎಂಬ ಕಾರಣಕ್ಕೆ ಇಬ್ಬರು ನ್ಯಾಯಮೂರ್ತಿಗಳು ಪೀಠದಿಂದ ಹಿಂದೆ ಸರಿದರು. ಅವರ ಸಂಕೋಚ ಗೌರವಕ್ಕೆ ಅರ್ಹ. ಆದರೆ ಅದರ ಬೆಲೆ ತೆತ್ತವರು ಯಾರು? ನ್ಯಾಯಮಂಡಳಿ ಇಷ್ಟು ವರ್ಷದೊಳಗೆ ವರದಿ ಕೊಡಬೇಕು ಎಂದು ಕಾಯ್ದೆಯಲ್ಲಿ ಕಾಲಮಿತಿ ಇದೆ. ಆ ವರದಿಯನ್ನು ಕಟ್ಟಿಹಾಕಿದ ತಡೆಗೆ ಮಾತ್ರ ಯಾವ ಕಾಲಮಿತಿಯೂ ಇಲ್ಲ.

ಕೋರ್ಟಿನಲ್ಲಿದೆ, ಆದ್ದರಿಂದ ನಮ್ಮ ಕೈ ಕಟ್ಟಿದೆ ಎನ್ನುವ ಕೇಂದ್ರಕ್ಕೆ ನಾನು ಮೂರು ಸಂಗತಿಗಳನ್ನು ನೆನಪಿಸುತ್ತೇನೆ.

ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದದ್ದು 2007ರ ಫೆಬ್ರುವರಿಯಲ್ಲಿ. ಅದರ ವಿರುದ್ಧದ ಮೇಲ್ಮನವಿಗಳು ಸುಪ್ರೀಂ ಕೋರ್ಟಿನಲ್ಲಿ ಬಾಕಿ ಇರುವಾಗಲೇ, ಬೇಡ ಎಂದು ಕರ್ನಾಟಕ ಗೋಗರೆಯುತ್ತಿರುವಾಗಲೇ, 2013ರ ಫೆಬ್ರುವರಿಯಲ್ಲಿ ಅದು ಗೆಜೆಟ್ ಸೇರಿತು. ಸುಪ್ರೀಂ ಕೋರ್ಟೇ ಗಡುವು ಕೊಟ್ಟು ಮಾಡಿಸಿತು. ಮಹದಾಯಿ ತೀರ್ಪು ಬಂದದ್ದು 2018ರ ಆಗಸ್ಟಿನಲ್ಲಿ. ಅಲ್ಲಿಯೂ ಮೇಲ್ಮನವಿಗಳಿದ್ದವು. 2020ರ ಫೆಬ್ರುವರಿ 27ರಂದು ಅದೂ ಪ್ರಕಟವಾಯಿತು. ಮೇಲ್ಮನವಿ ಇದ್ದರೂ ಕಾವೇರಿಗೆ ಗೆಜೆಟ್, ಮೇಲ್ಮನವಿ ಇದ್ದರೂ ಮಹದಾಯಿಗೆ ಗೆಜೆಟ್. ಕೃಷ್ಣೆಗೆ ಮಾತ್ರ ಮೇಲ್ಮನವಿಯೇ ಅಡ್ಡಿ. ಒಂದೇ ಕಾಯ್ದೆ, ಒಂದೇ ಕಲಂ, ಒಂದೇ ಕೋರ್ಟು, ಒಂದೇ ಗೆಜೆಟ್. ಈ ತಾರತಮ್ಯಕ್ಕೆ ಕಾರಣ ಕೊಡಿ.

ಎರಡನೆಯದು ತೆಲಂಗಾಣದ್ದು. 2014ರಲ್ಲಿ ಆಂಧ್ರ ಎರಡಾಯಿತು. ಹೊಸ ರಾಜ್ಯಕ್ಕೂ ಪಾಲು ಬೇಕು, ಆದ್ದರಿಂದ ನಾಲ್ಕೂ ರಾಜ್ಯಗಳ ನಡುವೆ ಮತ್ತೆ ಹಂಚಿ ಎಂಬ ವಾದ ಎದ್ದಿತು. 2016ರ ಅಕ್ಟೋಬರ್‌ನಲ್ಲಿ ನ್ಯಾಯಮಂಡಳಿಯೇ ಆ ವಾದವನ್ನು ತಳ್ಳಿಹಾಕಿತು. ಮರುಹಂಚಿಕೆ ಆಂಧ್ರ ಮತ್ತು ತೆಲಂಗಾಣದ ನಡುವಿನದು, ಕರ್ನಾಟಕ ಮತ್ತು ಮಹಾರಾಷ್ಟ್ರಕ್ಕೆ ಸಂಬಂಧವಿಲ್ಲ ಎಂದಿತು. ನಮ್ಮ ಕಡೆ ಯಾವ ಊರಿನ ಹಿರಿಯರನ್ನು ಕೇಳಿದರೂ ಹೇಳುತ್ತಾರೆ: ದೊಡ್ಡಣ್ಣನ ಮಕ್ಕಳು ಬೇರೆ ಒಲೆ ಹೂಡಿದರೆ ಅವನ ಪಾಲಿನೊಳಗೇ ಹಂಚಿಕೊಳ್ಳಬೇಕು, ತಮ್ಮಂದಿರ ವಾಟ್ನಿ ಪತ್ರ ಹರಿಯುವಂತಿಲ್ಲ. ಇಷ್ಟು ಸರಳ ನ್ಯಾಯ ದೆಹಲಿಗೆ ತಿಳಿಯದೇ? ತೆಲಂಗಾಣದ ಬೇಡಿಕೆಗೆ 2023ರ ಅಕ್ಟೋಬರ್‌ನಲ್ಲಿ, ಅಲ್ಲಿನ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟು ಇದೇ ನ್ಯಾಯಮಂಡಳಿಗೆ ಹೊಸ ವಿಚಾರಣಾ ವಿಷಯಗಳನ್ನು ವಹಿಸಿತು. ಆಗ ‘ಕೋರ್ಟಿನಲ್ಲಿದೆ’ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಮೂರನೆಯದು ಗಡಿ. ಬೆಳಗಾವಿ ಸೇರಿ 865 ಊರುಗಳು ತನಗೆ ಬೇಕೆಂದು ಮಹಾರಾಷ್ಟ್ರ 2004ರಲ್ಲಿ 131ನೇ ವಿಧಿಯ ಅಡಿ ಸುಪ್ರೀಂ ಕೋರ್ಟಿಗೆ ಹೋಗಿದೆ. ರಾಜ್ಯಗಳ ಗಡಿ ಬದಲಿಸುವುದು 3ನೇ ವಿಧಿಯಂತೆ ಸಂಸತ್ತಿನ ಅಧಿಕಾರ, ಕೋರ್ಟಿನ ಕೆಲಸವಲ್ಲ ಎಂಬುದು ಕರ್ನಾಟಕದ ವಾದ, ಮತ್ತು ಅದು ಸರಿಯಾದ ವಾದ. ಅದು ಹಾಗಿರಲಿ. 2022ರ ಕೊನೆಯಲ್ಲಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಹಳ್ಳಿಗಳ ಮಾತು ಎದ್ದು ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದಾಗ, ಕೇಂದ್ರ ಗೃಹ ಸಚಿವ ಅಮಿತ್ ಶಾ ಡಿಸೆಂಬರ್ 14ರಂದು ಇಬ್ಬರೂ ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿ ಕೂರಿಸಿಕೊಂಡರು. ಎರಡೂ ರಾಜ್ಯದಿಂದ ತಲಾ ಮೂವರು ಸಚಿವರ ಸಮಿತಿ ಎಂದು ತೀರ್ಮಾನಿಸಿದರು. ಗಡಿ ವಿಷಯವೂ ಕೋರ್ಟಿನಲ್ಲೇ ಇತ್ತಲ್ಲ! ಬಸ್ಸಿಗೆ ಮಸಿ ಬಿದ್ದರೆ ಕೇಂದ್ರಕ್ಕೆ ಕೈಯೂ ಇದೆ, ಬಾಯಿಯೂ ಇದೆ. ಹೊಲ ಒಣಗಿದರೆ ಎರಡೂ ಇಲ್ಲ.

ಈಗ ಮಹಾರಾಷ್ಟ್ರದ ಹೊಸ ತಕರಾರು. ಆಲಮಟ್ಟಿ ಎತ್ತರಿಸಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆಯಂತೆ. 2025ರಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಕರ್ನಾಟಕದ ಮುಖ್ಯಮಂತ್ರಿಗೆ ಈ ಬಗ್ಗೆ ಪತ್ರವನ್ನೇ ಬರೆದರು. 2019ರ ಪ್ರವಾಹದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡನೆರೆ ಸಮಿತಿ, ಆ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ವರದಿ ಕೊಟ್ಟಿದೆ. ಸ್ವಂತ ಸಮಿತಿಯ ಮಾತು ನಂಬದವರು ನಮ್ಮನ್ನು ನಂಬಿ ಎನ್ನುತ್ತಿದ್ದಾರೆ. ನದಿ ಪಾತ್ರದಲ್ಲಿ ಕಟ್ಟಡ ಕಟ್ಟಲು ಬಿಟ್ಟವರು ತಮ್ಮ ಊರಿನ ನೆರೆಗೆ ಆಲಮಟ್ಟಿಯ ಕಡೆ ಬೆರಳು ತೋರಿಸುತ್ತಾರೆ.

ನೆರೆಯ ಮಾತು ಬಂದದ್ದರಿಂದ ಭೀಮಾ ತೀರದವರಿಗೂ ಒಂದು ಮಾತಾಡಲು ಅವಕಾಶ ಕೊಡಿ. ಚಡಚಣ ತಾಲ್ಲೂಕಿನ ಉಮರಾಣಿ, ಉಮರಜ, ಧೂಳಖೇಡ, ಶಿರನಾಳದ ಜನ ಮಹಾರಾಷ್ಟ್ರದ ಉಜನಿ ಜಲಾಶಯದ ಕೆಳಗೆ ಬದುಕುವವರು. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಮೇಲಿನಿಂದ ಬಂದ ನೀರು ತೊಗರಿ, ಕಬ್ಬು, ಮನೆ ಎಲ್ಲವನ್ನೂ ನುಂಗಿತು. ಬೇಸಿಗೆ ಬಂದರೆ ಅದೇ ಭೀಮೆಯ ಬಾಂದಾರಗಳಲ್ಲಿ ತಳ ಕಾಣುತ್ತದೆ. ಉಜನಿಯ ಗೇಟು ತೆರೆಯುವುದು ಸೊಲ್ಲಾಪುರಕ್ಕೆ ಕುಡಿಯುವ ನೀರು ಬೇಕಾದಾಗ. ಮೊದಲ ಕೃಷ್ಣಾ ನ್ಯಾಯಮಂಡಳಿಯಾದ ಬಚಾವತ್ ನ್ಯಾಯಮಂಡಳಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ ವರ್ಷಕ್ಕೆ 15 ಟಿಎಂಸಿ ಅಡಿಗಿಂತ ಹೆಚ್ಚು ಬಳಸಬಾರದು ಎಂದು ಗೆರೆ ಎಳೆದಿತ್ತು. ಮೇಲಿನ ಉಜನಿಯೊಂದರಲ್ಲೇ ನೂರಕ್ಕೂ ಹೆಚ್ಚು ಟಿಎಂಸಿ ನಿಲ್ಲುತ್ತದೆ. ಜಿಐ ಮಾನ್ಯತೆ ಪಡೆದ ಇಂಡಿ ನಿಂಬೆಯ ಗಿಡಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಕೊಂಡು ಉಳಿಸಿಕೊಳ್ಳುವ ರೈತನ ಮುಂದೆ ನಿಂತು ‘ವಿಷಯ ಕೋರ್ಟಿನಲ್ಲಿದೆ’ ಎಂದು ಹೇಳುವ ಧೈರ್ಯ ಯಾವ ಕೇಂದ್ರ ಸಚಿವರಿಗಿದೆ?

ಈ ಗೆಜೆಟ್ ಬಂದರೆ ಏನಾಗುತ್ತದೆ ಎಂದು ಕೇಳುವವರಿಗೆ: ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ಅಡಿ ನೀರು. ಮುಳವಾಡ, ಚಿಮ್ಮಲಗಿ, ಇಂಡಿ, ಭೀಮಾ ಫ್ಲ್ಯಾಂಕ್, ಮಲ್ಲಾಬಾದ್, ರಾಂಪುರ, ಹೆರಕಲ್, ಕೊಪ್ಪಳ, ನಾರಾಯಣಪುರ ಬಲದಂಡೆ ವಿಸ್ತರಣೆ. ಒಟ್ಟು 5.94 ಲಕ್ಷ ಹೆಕ್ಟೇರ್ ಭೂಮಿ. ಇದರಲ್ಲಿ ಹಲವು ಹೆಸರುಗಳು ನಮ್ಮ ಜಿಲ್ಲೆಯವೇ. ಕೆಲವೆಡೆ ಕಾಲುವೆ ಬಂದಿವೆ, ಜಾಕ್‌ವೆಲ್ ಬಂದಿವೆ. ಅವುಗಳಿಗೆ ಹಕ್ಕಿನ ನೀರು ಬಂದಿಲ್ಲ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ. ಅಂದು ಹುಟ್ಟಿದ ಕೂಸಿಗೆ ಈಗ ವೃದ್ಧಾಪ್ಯ ವೇತನದ ವಯಸ್ಸು.

ರಾಜ್ಯ ಸರ್ಕಾರವನ್ನೂ ನಾನು ಬಿಡುವುದಿಲ್ಲ. ಆಲಮಟ್ಟಿ ಎತ್ತರಿಸಿದರೆ ಮುಳುಗುವ 75,563 ಎಕರೆಗೆ ನೀರಾವರಿ ಭೂಮಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. 2013ರ ಅಂತಿಮ ವರದಿಯ ನಂತರ ಹನ್ನೆರಡು ವರ್ಷ ಏನು ಮಾಡುತ್ತಿದ್ದರು? ಮೂರೂ ಪಕ್ಷಗಳು ಬೆಂಗಳೂರಿನಲ್ಲಿ ಅಧಿಕಾರ ಅನುಭವಿಸಿವೆ. ಅಂತಿಮ ವರದಿ ಬಂದಾಗ ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕಾಂಗ್ರೆಸ್ಸೇ ಇತ್ತು, ಗೆಜೆಟ್ ಬರಲಿಲ್ಲ. 2019ರಿಂದ 2023ರವರೆಗೆ ಎರಡೂ ಕಡೆ ಬಿಜೆಪಿ ಇತ್ತು, ಡಬಲ್ ಎಂಜಿನ್ ಎಂದು ಊರೂರಿಗೆ ಫಲಕ ಹಾಕಿದರು, ಗೆಜೆಟ್ ಬರಲಿಲ್ಲ. ಈಗ ಜಲಶಕ್ತಿ ಖಾತೆಯ ರಾಜ್ಯ ಸಚಿವರು ಕರ್ನಾಟಕದ ವಿ. ಸೋಮಣ್ಣ. ವಿಜಯಪುರದ ಲೋಕಸಭಾ ಸದಸ್ಯ ರಮೇಶ ಜಿಗಜಿಣಗಿ 2009ರಿಂದ ಸತತವಾಗಿ ಈ ಕ್ಷೇತ್ರದಿಂದಲೇ ಗೆದ್ದವರು. ತೀರ್ಪಿಗಿಂತ ಅವರ ಪ್ರತಿನಿಧಿತ್ವಕ್ಕೇ ವಯಸ್ಸು ಹೆಚ್ಚು. ಆದರೂ ಗೆಜೆಟ್ ಬಂದಿಲ್ಲ.

ಕಾವೇರಿ ನೀರು ಬಿಡಿ ಎಂದು ಆದೇಶ ಬಂದರೆ ಬೆಂಗಳೂರು ಬಂದ್ ಆಗುತ್ತದೆ, ಸಿನಿಮಾ ನಟರು ಬೀದಿಗಿಳಿಯುತ್ತಾರೆ, ಸರ್ವಪಕ್ಷ ಸಭೆ ರಾತ್ರೋರಾತ್ರಿ ನಡೆಯುತ್ತದೆ. ನಡೆಯಬೇಕು, ತಪ್ಪಿಲ್ಲ. ಕೃಷ್ಣೆಗಾಗಿ ಬೆಂಗಳೂರು ಎಂದು ಬಂದ್ ಆಗಿದೆ? ಕರ್ನಾಟಕದ ಅತಿ ದೊಡ್ಡ ನದಿ ಕೊಳ್ಳಕ್ಕೆ ಒಂದು ದಿನದ ಸಿಟ್ಟೂ ಸಿಗಲಿಲ್ಲ. ಹಿಂದುಳಿದ 114 ತಾಲ್ಲೂಕುಗಳನ್ನು ನಂಜುಂಡಪ್ಪ ಸಮಿತಿ 2002ರಲ್ಲೇ ಗುರುತಿಸಿತು. ನಮ್ಮ ಜಿಲ್ಲೆಯ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. 98ನೇ ತಿದ್ದುಪಡಿಯ 371(ಜೆ) ವಿಧಿ ಬಂದಾಗ ವಿಶೇಷ ಸ್ಥಾನಮಾನ ಹೈದರಾಬಾದ್ ಕರ್ನಾಟಕಕ್ಕೆ ಸಿಕ್ಕಿತು, ಮುಂಬಯಿ ಪ್ರಾಂತ್ಯದಲ್ಲಿದ್ದವರು ಎಂದು ನಾವು ಹೊರಗುಳಿದೆವು. ಅಫಜಲಪುರದ ಹುಡುಗಿಗೆ ವೈದ್ಯಕೀಯ ಸೀಟಿನಲ್ಲಿ ಮೀಸಲಾತಿ ಇದೆ, ಅದು ಅವಳ ನ್ಯಾಯವಾದ ಹಕ್ಕು. ಅದೇ ಭೀಮೆ, ಅದೇ ಎರೆ ಮಣ್ಣು, ಅದೇ ಬರ ಇರುವ ಇಂಡಿಯ ಹುಡುಗಿಗೆ ಇಲ್ಲ. ಮುಂಬಯಿ ಪ್ರಾಂತ್ಯದಲ್ಲಿ ನಾವು ಕೊನೆಯವರಾಗಿದ್ದೆವು, ಏಕೀಕರಣದ ನಂತರವೂ ಸಾಲಿನ ಕೊನೆಗೇ ನಿಂತೆವು. ಆದ್ದರಿಂದ ಸಂವಿಧಾನದ ಮಾತು ನಮಗೆ ಪಂಡಿತರ ಚರ್ಚೆಯಲ್ಲ. ಯಾವ ವಿಧಿಯಲ್ಲಿ ಯಾವ ಜಿಲ್ಲೆಯ ಹೆಸರಿದೆ, ಯಾವ ತೀರ್ಪು ಯಾವ ಗೆಜೆಟ್‌ನಲ್ಲಿದೆ ಎಂಬುದರ ಮೇಲೆ ಇಲ್ಲಿ ಮಕ್ಕಳು ಡಾಕ್ಟರಾಗುತ್ತಾರೆ ಅಥವಾ ಗುಳೆ ಹೋಗುತ್ತಾರೆ.

ಕೋರ್ಟಿನ ತಡೆಯನ್ನು ಕೇಂದ್ರ ಮೀರಲಿ ಎಂದು ಯಾರೂ ಹೇಳುತ್ತಿಲ್ಲ. ತಡೆ ತೆರವು ಮಾಡಿ ಎಂದು ಕರ್ನಾಟಕ ಅರ್ಜಿ ಹಾಕಿದೆ. ಕೇಂದ್ರದ ವಕೀಲರು ಎದ್ದು ನಿಂತು, ಪ್ರಕಟಿಸಲು ಸರ್ಕಾರ ಸಿದ್ಧವಿದೆ, ಕಾವೇರಿ ಮತ್ತು ಮಹದಾಯಿಯಲ್ಲಿ ಮಾಡಿದಂತೆ ಮೇಲ್ಮನವಿಗಳ ಅಂತಿಮ ತೀರ್ಮಾನಕ್ಕೆ ಒಳಪಟ್ಟು ಪ್ರಕಟಿಸುತ್ತೇವೆ ಎಂದು ಲಿಖಿತವಾಗಿ ಹೇಳಲಿ. ಆ ಒಂದು ಪುಟದ ಪ್ರಮಾಣಪತ್ರಕ್ಕೆ ಹಣ ಬೇಕಿಲ್ಲ, ಭೂಸ್ವಾಧೀನ ಬೇಕಿಲ್ಲ, ಪರಿಸರ ಅನುಮತಿ ಬೇಕಿಲ್ಲ. ಕರ್ನಾಟಕದ 28 ಲೋಕಸಭಾ ಸದಸ್ಯರು ಪಕ್ಷ ಮರೆತು ಜಲಶಕ್ತಿ ಸಚಿವ ಸಿ.ಆರ್. ಪಾಟೀಲರ ಮುಂದೆ ಅದನ್ನೇ ಕೇಳಬೇಕು, ಸಿಗುವವರೆಗೆ ಕೇಳಬೇಕು. ಓದುಗರೇ, ನಿಮ್ಮ ಊರಿನ ಮದುವೆಗೋ ಜಾತ್ರೆಗೋ ಸಂಸದರು, ಶಾಸಕರು ಬಂದಾಗ ಹಾರ ಹಾಕುವ ಮೊದಲು ಕೃಷ್ಣಾ ತೀರ್ಪಿನ ಗೆಜೆಟ್ ಎಲ್ಲಿದೆ ಎಂದು ಕೇಳಿ. ‘ಕೋರ್ಟಿನಲ್ಲಿದೆ’ ಎಂದರೆ ಹಾರ ಹಾಕಬೇಡಿ.