ಗೃಹವಾರ್ತೆ: ಕಾಲ ಮುಗಿದ ಗಣಕಕ್ಕೆ ಮುಂದೂಡಿದ ಗಡುವು

2025ರ ದೀಪಾವಳಿಯ ಸಾರಣೆ-ಕಾರಣೆಯ ಹೊತ್ತಿಗೆ ಸಂಪಗಾಂವದಲ್ಲಿಯ ನಮ್ಮ ನೆರೆಯ ಗೃಹಸ್ಥರೊಬ್ಬರು ತಮ್ಮ ಗಣಕಯಂತ್ರವನ್ನು ಗುಜರಿಗೆ ಹಾಕುವವರಿದ್ದರು. ಹೊಲದ ಲೆಕ್ಕ, ಮಗಳ ಓದಿನ ಟಿಪ್ಪಣಿಗಳು, ಹಳೆಯ ‘ನುಡಿ’ ಅಕ್ಷರಗಳಲ್ಲಿ ತೀರಿಹೋದ ತಂದೆಯವರು ಬರೆದಿಟ್ಟ ಆತ್ಮಕಥನ, ಎಲ್ಲವೂ ಅದರಲ್ಲಿದ್ದವು. ಯಂತ್ರವು ಕೆಟ್ಟಿರಲಿಲ್ಲ. ವಿಂಡೋಸ್ 10 ಎಂಬ ಅದರ ಕಾರ್ಯವ್ಯವಸ್ಥೆಯ ಕಾಲವು ಮುಗಿಯಿತೆಂಬ ಸೂಚನೆಯು ತೆರೆಯ ಮೇಲೆ ಮೂಡಿದ್ದೇ ಕಾರಣವು. ವಾಚಕರಲ್ಲಿಯೂ ಹಲವರು ಹೀಗೆ ದಿಗಿಲುಗೊಂಡಿರಬಹುದಾದ್ದರಿಂದ ಈ ಸಲ ಇದನ್ನೇ ಎತ್ತಿಕೊಂಡಿರುವೆವು.

ಕಾಲ ಮುಗಿಯಿತೆಂದರೆ ಯಂತ್ರವು ಮರುದಿನ ನಿಲ್ಲುವದೆಂದಲ್ಲ. ಯಾವ ಕಾರ್ಯವ್ಯವಸ್ಥೆಯಲ್ಲಿಯಾದರೂ ಕಳ್ಳರು ನುಸುಳಬಹುದಾದ ಬಿರುಕುಗಳು ಆಗಾಗ್ಗೆ ಗೊತ್ತಾಗುತ್ತಲೇ ಇರುವವು. ಅವನ್ನು ಮುಚ್ಚುವ ತೇಪೆಗಳನ್ನು ತಯಾರಕರು ತಿಂಗಳಿಗೊಮ್ಮೆ ಅಂತರ್ಜಾಲದ ಮೂಲಕ ಕಳುಹುವರು. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಈ ಸೇವೆಯು 2025ನೆಯ ಅಕ್ಟೋಬರ 14ಕ್ಕೆ ನಿಂತಿತು. ಮಾಳಿಗೆ ಸೋರಿದರೂ ಇನ್ನು ಗವಂಡಿಯು ಬರುವದಿಲ್ಲವೆಂದಂತಾಯಿತು.

ಆದರೆ ಮೈಕ್ರೋಸಾಫ್ಟ್ ಸಂಸ್ಥೆಯು ಮನೆಬಳಕೆಯವರಿಗೆ 2026ನೆಯ ಅಕ್ಟೋಬರ 13ರ ವರೆಗೆ ರಕ್ಷಣೆಯ ತೇಪೆಗಳನ್ನು ಮುಂದುವರಿಸುವದಾಗಿ ಸಾರಿತು. ಇದು ತಾನಾಗಿ ದೊರೆಯುವಂಥದಲ್ಲ, ಕೇಳಿ ಪಡೆಯಬೇಕು. ವ್ಯವಸ್ಥೆಯು 22ಎಚ್2 ಆವೃತ್ತಿಯದಾಗಿರಬೇಕು. ಸೆಟ್ಟಿಂಗ್ಸಿನೊಳಗಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ, ಆ ಸಂಸ್ಥೆಯ ಖಾತೆಯೊಂದಿಗೆ ನೋಂದಿಸಿಕೊಳ್ಳಬೇಕು. ತಮ್ಮ ಸೆಟ್ಟಿಂಗ್ಸುಗಳ ಪ್ರತಿಯನ್ನು ಆ ಖಾತೆಯಲ್ಲಿಡಲು ಒಪ್ಪಿದವರಿಗೆ ಹಣ ಬೇಡ. ಒಲ್ಲದವರಿಗೆ ಒಂದು ಸಲಕ್ಕೆ 30 ಡಾಲರು. (ಪುಕ್ಕಟೆಯೆಂಬುವದು ಪೂರ್ಣ ಪುಕ್ಕಟೆಯಲ್ಲವೆಂದು ನಮಗನಿಸುವದು.) ಒಂದು ನೋಂದಣಿಯು ಅದೇ ಖಾತೆಯ 10 ಯಂತ್ರಗಳ ವರೆಗೆ ಸಲ್ಲುವದು. ಹೊಸ ಸೌಕರ್ಯಗಳೇನೂ ಇದರಿಂದ ಬಾರವು. ಫೋನಿನಲ್ಲಿ ಕರೆದು, ನಿಮ್ಮ ವಿಂಡೋಸನ್ನು ಸರಿಪಡಿಸುವೆವೆಂದು ಹಣ ಕೇಳುವವರನ್ನಂತೂ ಹತ್ತಿರ ಸೇರಿಸಲಾಗದು.

ತೇಪೆಯ ಬೆಲೆಯೇನೆಂಬುವದು 2017ರ ಮೇ ತಿಂಗಳಲ್ಲಿ ಲೋಕಕ್ಕೆ ತಿಳಿಯಿತು. ವಾನ್ನಾಕ್ರೈ ಎಂಬ ಪೀಡೆಯು ಕಡತಗಳಿಗೆ ಬೀಗ ಜಡಿದು ಬಿಡುಗಡೆಗೆ ಹಣ ಕೇಳಿತು. ನೆರೆಯ ಆಂಧ್ರಪ್ರದೇಶದ ಪೋಲೀಸರ ಕೆಲವು ಗಣಕಗಳೂ ಅದಕ್ಕೆ ತುತ್ತಾದವು. 2014ರಲ್ಲಿಯೇ ಕಾಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ಸಂಸ್ಥೆಯು ತೇಪೆಯನ್ನು ಕೊಡಬೇಕಾಯಿತು. ವಿಚಿತ್ರವೆಂದರೆ, ಹೆಚ್ಚಿನ ಪೆಟ್ಟು ಬಿದ್ದದ್ದು ವಿಂಡೋಸ್ 7ರವರಿಗೆ. ಅವರಿಗೆ ತೇಪೆಯು ಮಾರ್ಚಿನಲ್ಲಿಯೇ ಬಂದಿದ್ದಿತು, ಹಾಕಿಕೊಂಡಿರಲಿಲ್ಲ, ಅಷ್ಟೆ.

ಉಬುಂಟು ಬಳಸುವವರ ಪಾಡು ಮೇಲು. ಅದರ ದೀರ್ಘಾವಧಿಯ ಆವೃತ್ತಿಗಳಿಗೆ 5 ವರ್ಷಗಳ ಸೇವೆಯು ಮುಗಿದ ಮೇಲೂ, ಉಬುಂಟು ಪ್ರೋ ಎಂಬ ಏರ್ಪಾಡಿಗೆ ಸೇರಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಸ್ವಂತ ಬಳಕೆಯ 5 ಯಂತ್ರಗಳಿಗೆ ಹಣವಿಲ್ಲ.

ನಮ್ಮ ನೆರೆಯವರು ಅಂದೇ ನೋಂದಿಸಿದರು. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಸಾಧನವು ಅವರ ಯಂತ್ರದಲ್ಲಿಲ್ಲ. ಆದಕಾರಣ ದೊರೆತದ್ದು ಒಂದು ವರ್ಷದ ಬಿಡುವು ಮಾತ್ರ. ಹಳೆಯ ‘ನುಡಿ’ಯ ಬರಹವು ಹೊಸ ಯಂತ್ರಗಳಲ್ಲಿ ಅರ್ಥವಿಲ್ಲದ ಗೆರೆಗಳಾಗಿ ಕಾಣುವದುಂಟು. ಅದಕ್ಕೆಂದೇ ಮಗಳು ಅಜ್ಜನ ಆತ್ಮಕಥನವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ತಿದ್ದತೊಡಗಿದಳು. ಮೊದಲ ವಾರ ನಲವತ್ತು ಪುಟಗಳು ಮುಗಿದವು.