ಚಿತ್ರ ನೋಡಿ ಮಿಡತೆಗೆ ಹೆಸರಿಡುವ ಅವಸರ

ಭಾದ್ರಪದದ ಒಂದು ಸಂಜೆ ಪುಣೆಯ ವೇತಾಳ ಟೇಕಡಿಯ ಪೊದೆಗಳಲ್ಲಿ ಟಾರ್ಚು ಹಿಡಿದು ಹುಡುಕುತ್ತಿದ್ದೆವು. ಎಲೆಯೆಂದುಕೊಂಡದ್ದು ಮೀಸೆ ಅಲುಗಿಸಿತು. ಮರಾಠಿ ಗೆಳೆಯರು ‘ನಾಕತೋಡಾ’ ಎಂದರು, ನಾವು ‘ಮಿಡತೆ’ ಎಂದೆವು. ಎರಡು ಭಾಷೆಗಳೂ ಅಲ್ಲಿಗೇ ನಿಂತವು. ಹೊಲದ ಸಾಮಾನ್ಯ ಮಿಡತೆಗೆ ಮೀಸೆ ಗಿಡ್ಡ, ಕಿವಿ ಹೊಟ್ಟೆಯ ಬದಿಯಲ್ಲಿ. ಇದಕ್ಕೆ ಮೀಸೆ ಮೈಗಿಂತ ಉದ್ದ, ಕಿವಿ ಮುಂಗಾಲಿನಲ್ಲಿ. ಇಂಗ್ಲಿಷಿನ ‘ಕೇಟಿಡಿಡ್’ ಎಂಬ ಹೆಸರಾದರೂ ಅಮೆರಿಕದ ಒಂದು ಪ್ರಭೇದದ ಕೂಗನ್ನು ಕೇಳಿ ಇಟ್ಟದ್ದು.

ಮನೆಗೆ ಬಂದವರೇ ಚಿತ್ರಗಳ ಕೆಳಗೆ ‘ಮೆಕೊಪೊಡ ಎಲಾಂಗಾಟ’ ಎಂದು ಬರೆದೆವು. ಆ ಅವಸರದ ಬಗೆಗೇ ಈಗ ನಮ್ಮ ತಕರಾರು. ದಕ್ಷಿಣ ಭಾರತದ ಮೆಕೊಪೊಡಗಳನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿವೇಕ್ ನಿತ್ಯಾನಂದ ಮತ್ತು ರೋಹಿಣಿ ಬಾಲಕೃಷ್ಣನ್ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೈಕಟ್ಟಿನಿಂದ ಬೇರ್ಪಡಿಸಲಾಗದ ಕೀಟಗಳಲ್ಲಿ ಅವರು ಐದು ಬಗೆಯ ಹಾಡುಗಳನ್ನು ಗುರುತಿಸಿದರು. ಒಂದಕ್ಕೆ ‘ರೈಲು’, ಮತ್ತೊಂದಕ್ಕೆ ‘ಹೆಲಿಕಾಪ್ಟರ್’ ಎಂದು ಹೆಸರು! ಗಂಡು ತನ್ನ ಮುಂದಿನ ರೆಕ್ಕೆಯೊಂದರ ಅರದಂಥ ಹಲ್ಲುಸಾಲನ್ನು ಇನ್ನೊಂದರ ಅಂಚಿಗೆ ಉಜ್ಜಿ ಹಾಡುತ್ತದೆ. ಆ ಹಾಡು ಹಿಡಿದೇ ಹೆಣ್ಣು ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಅದು ಕಿವಿಯಿಂದ ಅರಿಯುವುದನ್ನು ನಾವು ಫೋನಿನ ಚಿತ್ರದಿಂದ ಅರಿತೆವೆನ್ನುವುದು ಧಾರ್ಷ್ಟ್ಯವೇ ಸರಿ.

ಕಣ್ಣಿಗೇ ಗುರುತು ಸಿಗುವ ಪ್ರಭೇದಗಳೂ ಬೇಕಾದಷ್ಟಿವೆ, ಒಪ್ಪುತ್ತೇವೆ. ಆದರೆ ಹಳೆಯ ವರ್ಣನೆಗಳು ಬಹುಪಾಲು ಸೂಜಿಗೆ ಚುಚ್ಚಿಟ್ಟ ಮಾದರಿಗಳನ್ನು ನೋಡಿ ಬರೆದವು, ಮತ್ತು ಸತ್ತ ಕೀಟ ಹಾಡುವುದಿಲ್ಲ.

ಒಂದು ಹುಳದ ಹೆಸರಿಗೆ ಇಷ್ಟು ಜಗಳವೇಕೆ ಎನ್ನಬಹುದು. ಬಾಲಭಾರತಿ–ಪೌಡ್ ಫಾಟಾ ರಸ್ತೆಯ ಯೋಜನೆ ಈ ಟೇಕಡಿಯ ನೆತ್ತಿಯ ಮೇಲೆ ವರ್ಷಗಳಿಂದ ತೂಗುತ್ತಿದೆ. ಇಲ್ಲಿ ಏನೇನು ಬದುಕಿದೆಯೆಂದು ಊರವರೇ ಪಟ್ಟಿ ಮಾಡುವ ಕಾಲವಿದು. ಹಲವು ಹಾಡುಗಾರರನ್ನು ಒಂದೇ ಹೆಸರಿನಡಿ ತುಂಬಿಟ್ಟರೆ, ಅವುಗಳಲ್ಲಿ ಒಂದು ಅಳಿದರೂ ಪಟ್ಟಿ ಹಾಗೆಯೇ ಇರುತ್ತದೆ. ಯಾರ ಗಮನಕ್ಕೂ ಬಾರದು.

ಆದ್ದರಿಂದ ಹಳೆಯ ಚಿತ್ರಗಳನ್ನು ‘ಮೆಕೊಪೊಡ, ಪ್ರಭೇದ ತಿಳಿಯದು’ ಎಂದು ತಿದ್ದಿದ್ದೇವೆ. ಇನ್ನು ಮುಂದೆ ಚಿತ್ರದ ಜೊತೆಗೆ ಒಂದು ನಿಮಿಷದ ಧ್ವನಿಮುದ್ರಣ, ದಿನಾಂಕ, ಹೊತ್ತು, ಕುಳಿತ ಗಿಡ. ಆ ಹೊತ್ತಿನ ಉಷ್ಣತೆಯೂ ಬೇಕು, ಚಳಿಗೆ ಹಾಡು ನಿಧಾನವಾಗುತ್ತದೆ. ಮನುಷ್ಯನ ಕಿವಿಗೆ ನಿಲುಕದ ಮೇಲಿನ ಸ್ವರಗಳು ಸಾಧಾರಣ ಫೋನಿನಲ್ಲಿ ದಾಖಲಾಗವು, ಲಯವಾದರೂ ಉಳಿಯುತ್ತದೆ. ನಮ್ಮಲ್ಲಿ ಅರವತ್ತು ದಾಟಿದವರಿಗೆ ತೀರ ಸಣ್ಣ ದನಿ ಕೇಳಿಸುವುದೂ ಇಲ್ಲ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.